ಎರಡು ತೆರೆದ ಕಾರುಗಳು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಅಂದಾನೆಪ್ಪನಿಗೆ ತಂದೆಯಿಂದ ಪೇಟೆಯ ಅಂಗಡಿಯ ಜೊತೆ ಒಂದು ತೆರೆದ ಕಾರೂ ಬಂದಿತ್ತು. ಇಂಗ್ಲೆಂಡಿನಲ್ಲಿ ತಯಾರಾದ, ಇಬ್ಬರೇ ಕೂರಬಹುದಾದ, ಕಡುಹಸಿರು ಕಾರು. ಹತ್ತಿ ಕಂಪನಿಯ ಸಾಹೇಬನೊಬ್ಬ ತನ್ನ ದೇಶಕ್ಕೆ ಮರಳುವಾಗ ತಂದೆಗೆ ಕೊಟ್ಟು ಹೋದದ್ದು. ಅದಕ್ಕೆ ಪಕ್ಕದ ಗಾಜುಗಳೇ ಇರಲಿಲ್ಲ. ಮಳೆ ಬಂದರೆ ಹಿಂದೆ ಮಡಚಿಟ್ಟ ಕ್ಯಾನ್ವಾಸನ್ನು ಎಳೆದು ಗುಂಡಿ ಹಾಕಬೇಕು. ಅಷ್ಟರಲ್ಲಿ ಕೂತವರು ತೊಯ್ದು ತೊಪ್ಪೆಯಾಗಿರುತ್ತಿದ್ದರು.

ರವಿವಾರಕ್ಕೊಮ್ಮೆ ಅಂದಾನೆಪ್ಪ ಅದನ್ನು ಒರೆಸಿ, ಕದರಮಂಡಲಗಿಯವರೆಗೆ ಒಬ್ಬನೇ ಹೋಗಿ ಬರುತ್ತಿದ್ದ. ಹೆಂಡತಿ ನಿರ್ಮಲಾ ಅದೇ ಊರಿನ ಹನಮಪ್ಪನ ಗುಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಮನೆಯ ಸೊಸೆ ತೆರೆದ ಕಾರಿನಲ್ಲಿ ಪೇಟೆಯ ನಡುವೆ ಹಾದುಹೋದರೆ ಮಂದಿ ಏನಂದಾರು ಎಂದು ತಂದೆ ಹೇಳಿದ್ದ. ತಂದೆ ತೀರಿಕೊಂಡ ಮೇಲೂ ಮಗ ಅದನ್ನೇ ಹಿಡಿದುಕೊಂಡ. ಆಮೇಲೆ ಅದು ರೂಢಿಯಾಯಿತು.

೨೦೦೭ರ ದೀಪಾವಳಿ ಮುಗಿದ ಮೇಲೆ, ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಗೆಳೆಯನ ಮಗ ಚೇತನಕುಮಾರ ತನ್ನ ಹೊಸ ಕಾರು ತೋರಿಸಲು ಬಂದ. ಹಳೆಯದರ ಪಕ್ಕಕ್ಕೆ ನಿಲ್ಲಿಸಿ ಗುಂಡಿ ಒತ್ತಿದ. ಮೇಲ್ಛಾವಣಿ ತಾನೇ ಮಡಚಿಕೊಂಡು ಹಿಂದೆ ಡಿಕ್ಕಿಯೊಳಗೆ ಹೋಯಿತು.

"ಇದು ಮಷೀನಿನ ಆಟ," ಅಂದಾನೆಪ್ಪ ಹೇಳಿದ. "ನಮ್ಮ ಕಾರಿನಾಗ ಕುಂತ್ರ ರಸ್ತೆ ಹೆಂಗೈತಿ ಅಂತ ಅಂಗೈಗೆ ತಿಳೀತದ. ಹೊಡದು ನೋಡು."

ಚೇತನ ಹಳೆಯ ಕಾರಿನಲ್ಲಿ ಒಂದು ಸುತ್ತು ಹಾಕಿ ಬಂದ. "ಖರೇ ಐತಿ ಕಾಕಾ, ಇದರಾಗ ಜೀವ ಐತಿ. ಆದ್ರ ಬ್ರೇಕ್ ಒತ್ತೋವಾಗ ನನ್ನ ಜೀವ ಹೋದಂಗಾತು." ನಂತರ ಬಾಗಿಲಲ್ಲಿ ನಿಂತಿದ್ದ ನಿರ್ಮಲಾಳ ಕಡೆ ತಿರುಗಿದ. "ಕಾಕು, ಬರ್ರಿ, ನನ್ನ ಕಾರಿನಾಗ ಹೋಗಿ ಬರೂಣು."

ಅವಳು ಗಂಡನ ಮುಖ ನೋಡಿದಳು. ಅವನು ತನ್ನ ಕಾರಿನ ಬಾನೆಟ್ ಒರೆಸತೊಡಗಿದ. ಅವಳು ಹೋಗಿ ಕೂತಳು.

ಮರಳಿ ಬಂದಾಗ ಅವಳ ಮುಖ ಬೇರೆಯೇ ಆಗಿತ್ತು. ಚಹಾ ಸೋಸುತ್ತ ಹೇಳಿದಳು: "ಗಾಜು ಏರಿಸಿದ್ದ, ಗಾಳಿ ಅಷ್ಟು ಬಡೀಲಿಲ್ಲ. ನಮ್ಮ ಕಾರಿನಾಗಾದ್ರ ಮಾರಿಗೆ ಬಡೀತಿತ್ತೇನೋ."

ಬಡೀತಿತ್ತೇನೋ! ಮನೆ ಮುಂದೆಯೇ ಇಷ್ಟು ವರ್ಷ ನಿಂತ ಕಾರಿನ ಬಗ್ಗೆ ಅವಳು ಊಹೆ ಮಾಡಿ ಹೇಳಬೇಕಾಗಿತ್ತು. ಅಂದಾನೆಪ್ಪ ಚಹಾ ಕುಡಿಯದೆ ಕೆಳಗಿಟ್ಟ.

ಮರುದಿನ ಬೆಳಿಗ್ಗೆ ಕಾರು ತೆಗೆದು, "ಬಾ, ಹನಮಪ್ಪಗ ಹೋಗೂಣು," ಅಂದ. ಅವಳು ಬೇರೆ ಸೀರೆ ಉಟ್ಟು ಬಂದಳು. ಆದರೆ ಆ ಸೀಟು ಚೇತನನ ಕಾರಿನಂತಲ್ಲ, ಹೆಚ್ಚುಕಡಿಮೆ ನೆಲದ ಮಟ್ಟಕ್ಕೆ, ಬಾಗಿಲು ಗೇಣು ಅಗಲ. ಕಾಲು ಪೂರಾ ಮಡಚಿ ಒಳಗೆ ಇಳಿಯಬೇಕು. ಅವಳ ಮೊಣಕಾಲು ನೋವು ಹಳೆಯದಾಗಿತ್ತು. ಗಂಡನ ಭುಜ ಹಿಡಿದು ಎರಡು ಸಲ ಪ್ರಯತ್ನಿಸಿ, ತುಟಿ ಕಚ್ಚಿ ನಿಂತಳು.

"ಬ್ಯಾಡ ಬಿಡ್ರಿ. ನೀವು ಹೋಗಿ ಬರ್ರಿ."

"ಮೊದಲ ಕೇಳಬೇಕಿತ್ತು ನೀ," ಅಂದುಬಿಟ್ಟ.

"ಕೇಳಿದ್ದೆ. ಲಗ್ನಾದ ವರ್ಷ ಕೇಳಿದೆ. ಮಗಳು ಹುಟ್ಟಿದ ಮ್ಯಾಲೆ ಕೇಳಿದೆ. ಆಮ್ಯಾಲೆ ಬಿಟ್ಟೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಸೀಟು ಎತ್ತರಿಸಲಾದೀತೇ ಎಂದು ರಾಣೆಬೆನ್ನೂರಿನ ಗ್ಯಾರೇಜಿನ ಶಾಬುದ್ದೀನನನ್ನು ಕರೆಸಿದ. ಸೀಟು ಎತ್ತಿದರೆ ತಲೆ ಮುಂದಿನ ಗಾಜಿಗಿಂತ ಮೇಲೆ ಬರುತ್ತದೆ, ಬಾಗಿಲೂ ಕೊಯ್ಯಬೇಕು ಎಂದ ಅವನು. "ಕೊಯ್ಯಿ," ಅಂದ ಅಂದಾನೆಪ್ಪ. ನಿರ್ಮಲಾ ಒಪ್ಪಲಿಲ್ಲ. ಈಗ ಕೊಯ್ದು ಏನು ಮಾಡೋದು ಅಂದಳು.

ಆಮೇಲೆ ಅವನು ಆ ಕಾರನ್ನು ಒಬ್ಬನೇ ಹೊರಗೆ ಒಯ್ಯಲಿಲ್ಲ. ಚೇತನ ಬಂದಾಗಲೆಲ್ಲ ಹೊಸ ಕಾರಿನ ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಕಾಲು ಮುದುಡಿಕೊಂಡು ಕೂರುತ್ತಿದ್ದ. ನಿರ್ಮಲಾ ಮುಂದೆ. ಒಮ್ಮೆ ಅವಳು ತಿರುಗಿ ಏನೋ ಹೇಳಿದಳು, ಗಾಳಿಗೆ ಕೇಳಲಿಲ್ಲ. ಅವನು ಮುಂದೆ ಬಾಗಿ "ಏನಂದಿ?" ಎನ್ನುವಷ್ಟರಲ್ಲಿ ಅವಳು ಮತ್ತೆ ರಸ್ತೆ ನೋಡುತ್ತಿದ್ದಳು.