ಇಳಿಜಾರಿನ ಹಾಡು

ಪೆಟ್ರೋಲ್ ಬೆಲೆ ಗಗನಕ್ಕೇರಿದ ಮೇಲೆ ಟ್ಯಾಕ್ಸಿ ಓಡಿಸುವ ಗುಡುಗಣ್ಣ ಒಂದು ಉಪಾಯ ಕಂಡುಕೊಂಡ. ಸಂಜೆ ಮನೆಯ ಬೀದಿಯ ಏರಿನ ತುದಿಗೆ ಬಂದೊಡನೆ ಎಂಜಿನ್ ಆರಿಸಿ, ಇಳಿಜಾರಿನಲ್ಲಿ ಗಾಡಿಯನ್ನು ಉರುಳಲು ಬಿಟ್ಟು ನೇರ ಬಾಗಿಲ ಮುಂದೆ ನಿಲ್ಲಿಸುವುದು. ಹನಿ ಪೆಟ್ರೋಲೂ ಖರ್ಚಿಲ್ಲ!

ಆದರೆ ಗಾಡಿಯ ಸದ್ದು ಕೇಳಿದ ಮೇಲೆಯೇ ಒಲೆಯ ಮೇಲೆ ಟೀ ಇಡುತ್ತಿದ್ದ ಹೆಂಡತಿಗೆ ಅವನು ಬಂದದ್ದೇ ತಿಳಿಯದು. ಹಾರ್ನ್ ಕೆಟ್ಟು ಯಾವ ಕಾಲವಾಗಿತ್ತೋ! ಅದಕ್ಕೆ ಅವನು ಕಿಟಕಿಯಿಂದ ತಲೆ ಹೊರಹಾಕಿ ಹಾಡುತ್ತ ಇಳಿಯತೊಡಗಿದ. ಶ್ರುತಿಗೂ ಅವನಿಗೂ ಎಣ್ಣೆ ಸೀಗೇಕಾಯಿ. ಮಕ್ಕಳು ಕೇಕೆ ಹಾಕುತ್ತ ಗಾಡಿಯ ಹಿಂದೆ ಓಡಿದರು, ಎದುರುಮನೆಯ ಅಜ್ಜಿ ಕಿವಿ ಮುಚ್ಚಿಕೊಂಡು ನಕ್ಕಳು. ಟೀ ಮಾತ್ರ ಹೊತ್ತಿಗೆ ಸರಿಯಾಗಿ ಕುದಿಯಿತು.

ಒಂದು ದಿನ ಬೆಲೆ ಚೂರು ಇಳಿಯಿತು. ಗುಡುಗಣ್ಣ ಬಾಯಿಗೆ ಬೀಗ ಹಾಕಿ, ಎಂಜಿನ್ ಗುರುಗುಟ್ಟಿಸುತ್ತ ರಾಜಗಾಂಭೀರ್ಯದಿಂದ ಬಂದು ನಿಲ್ಲಿಸಿದ. ಒಂದು ಬಾಗಿಲೂ ತೆರೆಯಲಿಲ್ಲ. ಒಳಗೆ ಹೋದರೆ ಒಲೆ ತಣ್ಣಗಿತ್ತು.

“ಇದೇನ್ರೀ, ಸದ್ದೇ ಮಾಡ್ದೆ ಬಂದ್ಬಿಟ್ರಿ?” ಎಂದಳು ಹೆಂಡತಿ.

ಗುಡುಗಣ್ಣ ಹೊರಬಂದು, ಗಾಡಿ ತಿರುಗಿಸಿ ಮತ್ತೆ ಏರು ಹತ್ತಿದ. ತುದಿಯಲ್ಲಿ ಎಂಜಿನ್ ಆರಿಸಿ, ಕಿಟಕಿಯಿಂದ ತಲೆ ಹೊರಹಾಕಿ, ಗಂಟಲು ಸರಿಮಾಡಿಕೊಂಡ.