ಉರುಕುಂದಪ್ಪನ ಮಹಡಿಯ ರೈಲು

ಹತ್ತಿ ಚೀಲದೊಳಗೆ ಮೊಳಕೈವರೆಗೆ ಕೈ ತೂರಿಸದೆ ಉರುಕುಂದಪ್ಪ ಯಾರ ಮಾಲನ್ನೂ ಕೊಂಡವನಲ್ಲ. ಮೇಲೆ ಬೆಳ್ಳಗೆ ಹೊಳೆಯುವ ಹತ್ತಿ, ಒಳಗೆ ತೂಕಕ್ಕೆಂದು ಚಿಮುಕಿಸಿದ ನೀರು. ಆದವಾನಿ ಮಾರ್ಕೆಟ್ಟಿನಲ್ಲಿ ಇದನ್ನೇ ನೋಡಿ ನೋಡಿ ಅವನ ಸ್ವಭಾವವೇ ಹಾಗಾಗಿತ್ತು. ಮದುವೆಗೆ ಕರೆಯಲು ಬಂದವರು ಮೆಟ್ಟಿಲಿಳಿದ ಮೇಲೆ, “ಇವರು ಯಾಕ ಬಂದಿದ್ರು?” ಎಂದು ಹೆಂಡತಿ ಗುರುಶಾಂತಮ್ಮನನ್ನು ಕೇಳುವನು. “ಮದುವಿಗೆ ಕರ್ಯಾಕ” ಎಂದು ಆಕೆ ಹೇಳಿದರೆ, “ಅದು ಸರಿ. ಆದ್ರ ಯಾಕ?” ಎನ್ನುವನು.

ಇಂಥವನಿಗೆ ಒಂದು ಹುಚ್ಚಿತ್ತು. ಹಿಂದೊಮ್ಮೆ ವ್ಯಾಪಾರಕ್ಕೆಂದು ಮುಂಬೈಗೆ ಹೋದಾಗ, ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅಂಗೈಯಗಲದ ಕರಿ ಆಟಿಕೆ ರೈಲಿಂಜಿನೊಂದು ಕಣ್ಣಿಗೆ ಬಿತ್ತು. ಕೊಂಡು ತಂದ. ಆಮೇಲೆ ಎಲ್ಲಿ ಹುಡುಕಿದರೂ ಅದಕ್ಕೆ ಹೊಂದುವ ಹಳಿ ಸಿಗಲಿಲ್ಲ. ಆಟಿಕೆ ರೈಲಿನ ಹಳಿ ಸಾಮಾನ್ಯವಾಗಿ ಹದಿನಾರೂವರೆ ಮಿಲಿಮೀಟರ್ ಅಗಲ. ಇದರದ್ದು ಬರೀ ಹನ್ನೆರಡು. ಇಂಗ್ಲೆಂಡಿನಲ್ಲಿ ಐವತ್ತರ ದಶಕದಲ್ಲಿ ಬಂದು, ಹೆಚ್ಚು ಕಾಲ ನಡೆಯದೆ ನಿಂತುಹೋದ ಅಳತೆ. ಟಿಟಿ ಎನ್ನುತ್ತಾರೆ. ಯಾರಿಗೂ ಬೇಡವಾದದ್ದು ಎಂದು ಗೊತ್ತಾದ ಮೇಲೆ ಉರುಕುಂದಪ್ಪನಿಗೆ ಅದು ಇನ್ನೂ ಹೆಚ್ಚು ಬೇಕಾಯಿತು. ಒಂದೊಂದೇ ಬೋಗಿ, ಒಂದೊಂದೇ ತುಂಡು ಹಳಿ ದೇಶ ದೇಶಗಳಿಂದ ತರಿಸಿ, ಅಂಗಡಿಯ ಮೇಲಿನ ಕೋಣೆಯಲ್ಲಿ ದೊಡ್ಡ ಮೇಜು ಹಾಕಿ ಜೋಡಿಸಿದ.

ಕೋಣೆಯ ಕಿಟಕಿಗಳನ್ನು ಅವನು ತೆಗೆಯುತ್ತಿರಲಿಲ್ಲ. ಹಿಂದುಗಡೆಯೇ ಜಿನ್ನಿಂಗ್ ಮಿಲ್ಲು. ಗಾಳಿಯಲ್ಲಿ ತೇಲಿ ಬರುವ ಹತ್ತಿಯ ಎಳೆ ಗಾಲಿಯ ಅಚ್ಚಿಗೆ ಸುತ್ತಿಕೊಂಡರೆ ಇಂಜಿನು ಮುಗ್ಗರಿಸುತ್ತಿತ್ತು. ಆದರೆ ಓಣಿಯವರಿಗೆ ಇದೇನು ಗೊತ್ತು? ಮುಚ್ಚಿದ ಕಿಟಕಿ, ಒಳಗೆ ಗುಂಯ್ ಎನ್ನುವ ಸದ್ದು, ಪರದೇಶದ ಪಾರ್ಸೆಲ್ಲು. ಮಳೆ ಬಿದ್ದ ಮೇಲೆ ಜೊನ್ನಗಿರಿ ಹೊಲಗಳಲ್ಲಿ ವಜ್ರ ಹುಡುಕುವವರ ಹತ್ತಿರ ಕಳ್ಳಮಾಲು ಕೊಂಡು ಮಹಡಿಯಲ್ಲಿ ಸಾಣೆ ಹಿಡಿಸುತ್ತಾನೆ ಎಂದು ಮಾತು ಹುಟ್ಟಿತು. ಅದು ಕಿವಿಗೆ ಬಿದ್ದ ದಿನ ಉರುಕುಂದಪ್ಪ ಕೋಣೆಗೆ ಎರಡನೇ ಬೀಗ ಹಾಕಿಸಿದ. ಮಾತು ಇನ್ನೂ ಗಟ್ಟಿಯಾಯಿತು.

ಹೀಗಿರುವಾಗ ಒಂದು ಫೋನು ಬಂತು. ಹಾಲಹರವಿಯ ನರೇಶನಂತೆ, ಹೈಸ್ಕೂಲು ಮೇಷ್ಟ್ರಂತೆ. “ನನ್ಹತ್ರಾನೂ ಒಂದು ಟಿಟಿ ಇಂಜಿನ್ ಐತ್ರಿ. ನಮ್ಮಪ್ಪಂದು. ಹಳಿ ಇಲ್ಲ. ನಿಮ್ಮಲ್ಲಿ ಒಂದ್ಸಲ ಓಡಿಸಿ ನೋಡ್ಬೇಕು ಅಂತ.”

“ನನ್ನ ನಂಬರ್ ಯಾರು ಕೊಟ್ರು?”

“ಮೋಟ್ರು ರಿಪೇರಿ ಶ್ರೀರಾಮುಲು.”

ಫ್ಯಾನು ರಿಪೇರಿಯ ಶ್ರೀರಾಮುಲುವಿನ ಹತ್ತಿರ ಇಂಜಿನಿನ ಮೋಟರಿಗೆ ತಂತಿ ಸುತ್ತಿಸಿದ್ದೇ ತಪ್ಪಾಯಿತು ಎಂದುಕೊಂಡ ಉರುಕುಂದಪ್ಪ. “ಹಳಿ ಎಷ್ಟು ಅಗಲ ಇರ್ತೈತಿ, ಹೇಳ್ರಿ” ಎಂದ. ನರೇಶ ಸರಿಯಾಗಿ ಹೇಳಿದ. ಇಷ್ಟು ಸರಿಯಾಗಿ ಹೇಳುವವನು ಸುಮ್ಮನೆ ಬರುವವನಲ್ಲ ಎನ್ನಿಸಿತು. ಆದರೂ ಭಾನುವಾರ ಬಾ ಅಂದ. ಇನ್ನೊಂದು ಟಿಟಿ ಇಂಜಿನನ್ನು ನೋಡುವ ಆಸೆ ಅವನಿಗೂ ಇತ್ತು.

ನರೇಶ ಬಿಸ್ಕೀಟಿನ ಡಬ್ಬಿ ಹಿಡಿದು ಬಂದ. ಅವನಪ್ಪ ಗುಂತಕಲ್ಲಿನಲ್ಲಿ ರೈಲಿಂಜಿನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದನಂತೆ. ದೇಶ ಬಿಟ್ಟು ಹೊರಟ ಆಂಗ್ಲೋ ಇಂಡಿಯನ್ ಡ್ರೈವರೊಬ್ಬ ಕೈಗಿಟ್ಟು ಹೋದ ಇಂಜಿನಂತೆ. ಡಬ್ಬಿ ತೆಗೆದರೆ ಉರುಕುಂದಪ್ಪನದೇ ಜಾತಿಯ ಕರಿ ಇಂಜಿನು, ಆದರೆ ಬಣ್ಣ ಒಂದಿಷ್ಟೂ ಎದ್ದಿಲ್ಲ. ಉರುಕುಂದಪ್ಪನದರ ಮುಂದಿನ ಬಂಪರಿನಲ್ಲಿ ಬಣ್ಣ ಕಿತ್ತು ತಗಡು ಕಾಣುತ್ತಿತ್ತು.

“ಮಾರ್ತೀರೇನು?” ಎಂದ ಉರುಕುಂದಪ್ಪ.

“ಇಲ್ರಿ. ಓಡೋದು ನೋಡಿದ್ರ ಸಾಕು.”

ಉರುಕುಂದಪ್ಪ ಅವನಿಗೆ ಏನನ್ನೂ ಮುಟ್ಟಗೊಡಲಿಲ್ಲ. ತಾನೇ ಇಂಜಿನು ಹಳಿಗಿಟ್ಟ, ತಾನೇ ಕರೆಂಟು ಕೊಟ್ಟ. ಅದು ಒಂದು ಸಲ ಜಗ್ಗಿ, ಮೇಜಿನ ಸುತ್ತ ಓಡಿತು. ನರೇಶ ಫೋನಿನಲ್ಲಿ ವಿಡಿಯೋ ತೆಗೆಯುತ್ತ ನಿಂತ. ಅವನ ಕಣ್ಣು ತೇವವಾದದ್ದು ಉರುಕುಂದಪ್ಪನಿಗೆ ನಾಟಕದಂತೆ ಕಂಡಿತು. ತನ್ನ ಇಂಜಿನನ್ನೂ ಕಪಾಟಿನಿಂದ ಇಳಿಸಿ ಎರಡನ್ನೂ ಓಡಿಸಿದ. ಅಷ್ಟರಲ್ಲಿ ಕೆಳಗೆ ಲಾರಿ ಬಂತೆಂದು ಯಾರೋ ಕೂಗಿದರು. ಈ ಮನುಷ್ಯನನ್ನು ಒಬ್ಬನೇ ಬಿಟ್ಟು ಹೋಗುವ ಮಾತೇ ಇಲ್ಲ. ಲಗುಬಗೆಯಿಂದ ಡಬ್ಬಿ ಮುಚ್ಚಿ ಕೊಟ್ಟು ಕಳಿಸಿದ.

ಮರುದಿನ ಕೋಣೆಗೆ ಹೋಗಿ ನೋಡಿದರೆ, ಕಪಾಟಿನ ಇಂಜಿನಿನ ಬಂಪರು ನುಣ್ಣಗಿತ್ತು.

“ಬದಲಿ ಮಾಡ್ಯಾನ” ಎಂದು ಕೆಳಗಿಳಿದು ಬಂದ.

ಗುರುಶಾಂತಮ್ಮ ಕೇಳಿಸಿಕೊಂಡಳು. “ಅಂದ್ರ, ಚೊಲೋದು ಇಟ್ಟು ಕೆಟ್ಟದ್ದು ಒಯ್ದಾನೇನು?”

ಅದೇ ಅವನನ್ನು ಕೊರೆಯತೊಡಗಿತು. ಒಳಗೇನೋ ಹುಳುಕಿರಬೇಕೆಂದು ಇಂಜಿನು ಬಿಚ್ಚಿದ. ಎಲ್ಲ ಸರಿಯಾಗಿತ್ತು. ಹಾಗಾದರೆ ತನ್ನದರಲ್ಲೇ ತನಗೆ ತಿಳಿಯದ ಯಾವುದೋ ಬೆಲೆ ಇತ್ತು! ಊಟಕ್ಕೆ ಕೂತರೂ ಫೋನಿನಲ್ಲಿ ಹಳೇ ಇಂಜಿನುಗಳ ಚಿತ್ರ ನೋಡಿದ. ಗಾಲಿಯ ಕಡ್ಡಿಗಳಲ್ಲಿ ವ್ಯತ್ಯಾಸವಿದ್ದ ಅಪರೂಪದ ಇಂಜಿನೊಂದು ಕಂಡಿತು. ತನ್ನದು ಅದೇ ಎಂದು ತೀರ್ಮಾನವಾಯಿತು. ಶ್ರೀರಾಮುಲುವೂ ಇದರಲ್ಲಿ ಪಾಲುದಾರ. ಸುತ್ತುವ ನೆಪದಲ್ಲಿ ಬಿಚ್ಚಿ ನೋಡಿದವನು ಅವನೇ ಅಲ್ಲವೇ? ಶ್ರೀರಾಮುಲುವಿನ ಅಂಗಡಿ ಮುಂದೆ ಎರಡು ಸಲ ಹಾದು ಒಳಗೆ ನೋಡಿದ. ಅವನು ಟೇಬಲ್ ಫ್ಯಾನು ಒರೆಸುತ್ತ, “ರಂಡಿ ಅಣ್ಣಾ, ಕೂರ್ಚೋಂಡಿ” ಎಂದು ತೆಲುಗಿನಲ್ಲಿ ಬರಹೇಳಿ, ಕೂರಲು ಸ್ಟೂಲು ಎಳೆದದ್ದೂ ಅನುಮಾನಕ್ಕೇ ಸೇರಿತು.

ವಾರ ಕಳೆಯುವ ಹೊತ್ತಿಗೆ ತಡೆಯದಾಗಿ ಆಲೂರಿನ ಮೇಲೆ ಹಾಲಹರವಿಯ ಬಸ್ಸು ಹಿಡಿದ. ನರೇಶ ಮನೆಯ ಕಟ್ಟೆಯ ಮೇಲೆ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದ. ಇವನನ್ನು ಕಂಡವನೇ ಎದ್ದು ನಿಂತ. ಮುಖದಲ್ಲಿ ನಗುವಿರಲಿಲ್ಲ.

“ನನ್ನ ಇಂಜಿನ್ ಕೊಡು” ಎಂದ ಉರುಕುಂದಪ್ಪ.

“ನಂದು ತಂದೀರೇನು?” ಎಂದ ನರೇಶ, ಇವನ ಬರಿಗೈ ನೋಡುತ್ತ.

ನರೇಶ ಫೋನು ತೆಗೆದು ಆ ದಿನದ ವಿಡಿಯೋ ಹಾಕಿದ. ಎರಡು ಇಂಜಿನು ನಿಂತದ್ದು, ಲಾರಿ ಬಂತೆಂಬ ಕೂಗು, ಉರುಕುಂದಪ್ಪನ ಉಂಗುರದ ಕೈ ಹತ್ತಿರದ ಇಂಜಿನನ್ನು ಎತ್ತಿ ಡಬ್ಬಿಗೆ ಹಾಕಿ ಮುಚ್ಚಿದ್ದು, ಎಲ್ಲ ಅದರಲ್ಲಿತ್ತು. ಬಂಪರಿನ ತಗಡು ಸ್ಪಷ್ಟವಾಗಿ ಮಿಂಚಿತು.

ಉರುಕುಂದಪ್ಪ ಇನ್ನೊಮ್ಮೆ ಹಾಕಿಸಿ ನೋಡಿದ.

“ಗೊತ್ತಿದ್ರ ಫೋನ್ ಯಾಕ ಮಾಡ್ಲಿಲ್ಲ?”

“ಮಾಡಿದ್ರ, ನನ್ಹತ್ರ ಇಲ್ಲ ಅಂತಿದ್ರಿ. ಬೇಕಂತನ ಇಟ್ಕೊಂಡಾರ ಅಂದ್ಕೊಂಡಿದ್ದೆ. ಮಾರ್ತೀರೇನು ಅಂತ ಬ್ಯಾರೆ ಕೇಳಿದ್ರಿ. ಅಪ್ಪನ ನೆನಪು ಅಂತ ಇದ್ದದ್ದು ಅದೊಂದ. ವಾರದಿಂದ ನಿದ್ದಿ ಇಲ್ಲ ನನಗ.”

ಈ ಮನುಷ್ಯ ತನ್ನನ್ನು ಕಳ್ಳನೆಂದು ತಿಳಿದಿದ್ದ. ಉರುಕುಂದಪ್ಪನಿಗೆ ಮೊದಲು ಸಿಟ್ಟೇ ಬಂತು. ಅದು ಇಳಿಯುವಾಗ, ತಾನು ದಾರಿಯುದ್ದಕ್ಕೂ ಈ ಮೇಷ್ಟ್ರ ಬಗ್ಗೆ ಯೋಚಿಸಿದ್ದೆಲ್ಲ ಒಂದೊಂದಾಗಿ ನೆನಪಾಯಿತು. ತಪ್ಪಾಯಿತು ಎನ್ನಲು ಅವನಿಗೆ ಬರುತ್ತಿರಲಿಲ್ಲ. “ನಡಿ, ಆದವಾನಿಗೆ ಹೋಗೂಣು” ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಡಬ್ಬಿ ನರೇಶನ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿದ್ದವು. ತಾನೇ ಹಿಡಿದುಕೊಳ್ಳುವೆನೆಂದು ಉರುಕುಂದಪ್ಪ ಕೇಳಲಿಲ್ಲ. ಕೇಳಿದ್ದರೂ ಅವನು ಕೊಡುತ್ತಿರಲಿಲ್ಲ.

ಮಹಡಿಯಲ್ಲಿ ಎದುರುಬದುರು ನಿಂತ ಮೇಲೂ ಮೊದಲು ಇಂಜಿನು ಕೊಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಚಹಾ ತಂದ ಗುರುಶಾಂತಮ್ಮ ಇದನ್ನು ನೋಡಿ ನಕ್ಕುಬಿಟ್ಟಳು. “ಇಬ್ರೂ ಒಮ್ಮೆಲೇ ಮೇಜಿನ ಮ್ಯಾಲ ಇಡ್ರಿ” ಎಂದಳು. ಇಟ್ಟರು. ತಮ್ಮ ತಮ್ಮದು ತೆಗೆದುಕೊಂಡರು. ಚಹಾ ಕುಡಿದ ಮೇಲೆ ಉರುಕುಂದಪ್ಪ ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದು, “ನೀನ ಹಳಿಗಿಡು” ಎಂದ. ಆ ಕೋಣೆಯಲ್ಲಿ ಬೇರೆಯವರ ಕೈ ಹಳಿ ಮುಟ್ಟಿದ್ದು ಅದೇ ಮೊದಲು.

ಈಗ ನರೇಶ ಭಾನುವಾರಕ್ಕೊಮ್ಮೆ ಬರುತ್ತಾನೆ. ಹಳಿ ಪಕ್ಕದ ಪುಟ್ಟ ಸಿಗ್ನಲ್ಲಿನ ದೀಪ ಉರಿಯುವಂತೆ ಮಾಡಿದವನು ಅವನೇ. ಉರುಕುಂದಪ್ಪ ಅವನಿಗಾಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿಡುತ್ತಾನೆ. ಆದರೆ ನರೇಶನ ಇಂಜಿನಿನ ಹೊಟ್ಟೆಗೆ ಕೆಂಪು ನೇಲ್ ಪಾಲಿಶಿನ ಒಂದು ಚುಕ್ಕೆ ಬಂದಿದೆ. ಅದನ್ನು ಕಂಡ ಉರುಕುಂದಪ್ಪ ಹೆಂಡತಿಯ ಸೀಸೆ ಕೇಳಿ ಪಡೆದು ತನ್ನದಕ್ಕೆ ಎರಡು ಚುಕ್ಕೆ ಇಟ್ಟ. ಹೊರಡುವಾಗ ಇಬ್ಬರೂ ತಮ್ಮ ಇಂಜಿನನ್ನು ತಿರುವಿ ನೋಡುತ್ತಾರೆ. ಆಮೇಲೆ ನರೇಶ ಬಸ್ಸಿಗೆ ಹೊರಡುತ್ತಾನೆ. ಉರುಕುಂದಪ್ಪ ಅವನ ಜೊತೆ ಸ್ಟ್ಯಾಂಡಿನವರೆಗೂ ಮಾತಾಡುತ್ತ ನಡೆದು ಹೋಗುತ್ತಾನೆ.