ಮಂಡಕ್ಕಿ ಸೈಕಲ್ಲಿನ ಎರಡನೇ ವರದಿ

೧೯೬೩ರಲ್ಲಿ ನಾನು ದಾವಣಗೆರೆ, ಹರಿಹರ ಭಾಗದ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಜನರ ಬಾಯಲ್ಲಿ ಈ ಹುದ್ದೆಗೆ ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಹೆಸರು. ಎಲ್ಲಾದರೂ ಅಪಘಾತವಾದರೆ ಪೊಲೀಸರು ನಮಗೆ ಹೇಳಿ ಕಳಿಸುತ್ತಿದ್ದರು. ನಾವು ಹೋಗಿ ವಾಹನದ ಬ್ರೇಕು, ಸ್ಟೀರಿಂಗು, ಹಾರನ್ನು ಸರಿಯಿವೆಯೇ, ಎಲ್ಲಿ ಏನು ತಗುಲಿದೆ ಎಂದು ನೋಡಿ ವರದಿ ಬರೆದುಕೊಡಬೇಕು. ಡ್ರೈವರನ ಲೈಸೆನ್ಸು ಉಳಿಯುವುದು ಹೋಗುವುದು ಬಹುಮಟ್ಟಿಗೆ ಆ ಒಂದು ಹಾಳೆಯ ಮೇಲೆ ನಿಂತಿರುತ್ತಿತ್ತು. ನನಗಾಗ ಇಪ್ಪತ್ತಾರು ವರ್ಷ, ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಎನ್ನುವ ಹಾಗೆ, ಗಾಡಿಯ ಕೆಳಗೆ ನುಸುಳಿ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡದೆ ಏಳುತ್ತಿರಲಿಲ್ಲ. ಕಬ್ಬಿಣ ಸುಳ್ಳು ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ ಎಂಬುದು ನನ್ನ ಆಗಿನ ಸಿದ್ಧಾಂತ.

ಆ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಮೋಟಾರುಗಳಿಗಿಂತ ಸೈಕಲ್ಲುಗಳೇ ಹೆಚ್ಚು. ಅವುಗಳಲ್ಲಿ ದೂರದಿಂದಲೇ ಗುರುತು ಸಿಗುತ್ತಿದ್ದುದು ಮಂಡಕ್ಕಿ ಸೈಕಲ್ಲು. ದಾವಣಗೆರೆಯ ಭಟ್ಟಿಗಳಲ್ಲಿ ಹುರಿದ ಮಂಡಕ್ಕಿಯನ್ನು ಆಳೆತ್ತರದ ಚೀಲಗಳಿಗೆ ತುಂಬಿ, ಕ್ಯಾರಿಯರಿನ ಮೇಲೆ ಎರಡು ಚೀಲ ನಿಲ್ಲಿಸಿ ಹಗ್ಗ ಬಿಗಿದು, ಬೆಳಗಾಗುತ್ತಲೇ ಹರಿಹರದ ಕಡೆಗೂ ಅದರಾಚೆಯ ಊರುಗಳಿಗೂ ಹೊರಡುತ್ತಿದ್ದರು. ಹಿಂದಿನಿಂದ ನೋಡಿದರೆ ತುಳಿಯುವ ಮನುಷ್ಯ ಕಾಣುವುದೇ ಇಲ್ಲ, ಚೀಲಗಳೇ ತಾವಾಗಿ ಊರಿಗೆ ಹೊರಟಂತೆ ಕಾಣುತ್ತದೆ. ತುಳಿಯುವವನಿಗೂ ಹಿಂದೇನು ಬರುತ್ತಿದೆ ಎಂದು ಕಾಣುವುದಿಲ್ಲ.

ಆಷಾಢದ ಒಂದು ಮಧ್ಯಾಹ್ನ ಹರಿಹರ ಠಾಣೆಯಿಂದ ಚೀಟಿ ಬಂತು. ಹರಿಹರದಿಂದ ನಂದಿಗುಡಿಗೆ ಹೋಗುವ ಖಾಸಗಿ ಬಸ್ಸು, ಊರು ಬಿಟ್ಟು ಮೂರು ಮೈಲಿಯಲ್ಲಿ ಒಬ್ಬ ಮಂಡಕ್ಕಿ ಮಾರುವವನಿಗೆ ಬಡಿದಿದೆ, ಅವನ ಬಲಗಾಲೂ ಭುಜದ ಮೂಳೆಯೂ ಮುರಿದಿವೆ ಎಂದು. ಗಾಯಾಳುವಿನ ಹೆಸರು ಇಮಾಮ್ ಸಾಬ್, ನಲವತ್ತು ದಾಟಿದವರು. ಡ್ರೈವರ್ ಚನ್ನಬಸಪ್ಪ, ಆವರಗೆರೆಯವರು. ಹದಿನಾಲ್ಕು ವರ್ಷ ಬಸ್ಸು ಓಡಿಸಿ ಲೈಸೆನ್ಸಿನಲ್ಲಿ ಒಂದು ಕಪ್ಪು ಗುರುತೂ ಇಲ್ಲದ ಮನುಷ್ಯ.

ನಾನು ಠಾಣೆಗೆ ಹೋದಾಗ ಬಸ್ಸು ಬೇವಿನ ಮರದ ಕೆಳಗೆ ನಿಂತಿತ್ತು, ಚನ್ನಬಸಪ್ಪ ಅದರ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

“ಮೂರು ಸಲ ಹಾರನ್ ಹೊಡ್ದೀನಿ ಸಾಹೇಬ್ರ. ಬಲಗಡೆ ಗಾಲಿ ಮಣ್ಣಿಗೆ ಇಳ್ಸಿ, ನಾಕೈದು ಅಡಿ ಜಾಗ ಬಿಟ್ಟು ಮುಂದ ಹೋಗೀನಿ. ನನ್ನ ಬಸ್ಸು ಆತನ್ನ ಮುಟ್ಟಿಲ್ಲ.”

ಬ್ರೇಕು ಚೆನ್ನಾಗಿತ್ತು, ಹಾರನ್ನೂ ಚೆನ್ನಾಗಿತ್ತು. ಆದರೆ ಎಡಗಡೆಯ ಹಿಂದಿನ ಮಡ್ಗಾರ್ಡಿನ ಬೋಲ್ಟಿನಲ್ಲಿ ಗೋಣಿಯ ನಾರು ಸಿಕ್ಕಿಕೊಂಡಿತ್ತು. ಪಕ್ಕದ ಸಂದಿಯಲ್ಲಿ ನಾಲ್ಕು ಕಾಳು ಮಂಡಕ್ಕಿ. ನನಗೆ ಒಳಗೊಳಗೇ ಖುಷಿಯಾಯಿತು, ಈಗ ಹೇಳಿಕೊಳ್ಳಲು ನಾಚಿಕೆ.

“ಮುಟ್ಟಿಲ್ಲ ಅಂದ್ಮೇಲೆ ಈ ನಾರು ಎಲ್ಲಿಂದ ಬಂತಪ್ಪ?” ಎಂದೆ.

ಚನ್ನಬಸಪ್ಪ ಬಗ್ಗಿ ನೋಡಿದರು. “ನಂಗೂ ತಿಳೀವಲ್ದು ಸಾಹೇಬ್ರ. ಆದ್ರ ಜಾಗ ಬಿಟ್ಟಿದ್ದು ಖರೆ. ಲೈಸನ್ಸ್ ಹೋದ್ರ ನಂಗ ಬ್ಯಾರೆ ಕೆಲ್ಸ ಬರಾದಿಲ್ಲ” ಎಂದರು. ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆ ಎಂದುಕೊಂಡೆ.

ಅಲ್ಲಿಂದ ಆಸ್ಪತ್ರೆಗೆ ಹೋದೆ. ಇಮಾಮ್ ಸಾಬರ ಕಾಲಿಗೆ ಪಟ್ಟಿ ಕಟ್ಟಿದ್ದರು. ನೋವಿನಲ್ಲೂ ಮಾತು ಸ್ಪಷ್ಟವಾಗಿತ್ತು. ಹಾರನ್ ಕೇಳಿಸಲಿಲ್ಲ, ಬಸ್ಸು ಬಡಿಯಿತು, ಅಷ್ಟೇ ಗೊತ್ತು ಎಂದರು. ನಾನು ಬರೆದುಕೊಂಡು ಏಳುವಾಗ, “ಇನ್ನೊಂದು ಐತೆ ಸಾಹೇಬ್ರ. ಬೀಳಾದಕ್ಕೆ ಮೊದ್ಲು ಗಾಳಿ ನಿಂತುಬಿಡ್ತು. ಪೂರಾ ನಿಂತೋತು. ಅಲ್ಲಾ, ನನ್ನ ಟೈಮ್ ಆತು ಅನ್ಕಂಡೆ” ಎಂದರು. ಆಷಾಢದಲ್ಲಿ ನಮ್ಮ ಕಡೆ ಗಾಳಿ ನಿಲ್ಲುವುದುಂಟೇ? ಬಿದ್ದ ಗಾಬರಿಯ ಮಾತು ಎಂದು ಪುಸ್ತಕ ಮಡಿಚಿ ಜೇಬಿಗಿಟ್ಟೆ.

ಅಂದು ಸಂಜೆಯೇ ವರದಿ ಬರೆದು ಠಾಣೆಗೆ ಕೊಟ್ಟೆ. ವಾಹನದಲ್ಲಿ ದೋಷವಿಲ್ಲ, ಸೈಕಲ್ಲಿಗೆ ವಾಹನ ತಗುಲಿರುವುದು ಖಚಿತ, ಚಾಲಕ ಸಾಕಷ್ಟು ಜಾಗ ಬಿಡದೆ ಹಾದುಹೋಗಿರುವುದೇ ಕಾರಣ. ಮೂರು ಸಾಲು. ಇನ್ನು ಚನ್ನಬಸಪ್ಪ ಸುಳ್ಳುಗಾರ, ಇಮಾಮ್ ಸಾಬ್ ಸತ್ಯವಂತ ಎಂದು ತೀರ್ಮಾನವಾದ ಹಾಗೆಯೇ.

ಒಂದು ಕೆಲಸ ಬಾಕಿಯಿತ್ತು. ಸೈಕಲ್ಲನ್ನು ನಾನು ನೋಡಿರಲಿಲ್ಲ, ಅದನ್ನು ಮನೆಯವರು ದಾವಣಗೆರೆಗೆ ತೆಗೆದುಕೊಂಡು ಹೋಗಿದ್ದರು. ಎರಡು ದಿನ ಬಿಟ್ಟು, ಫಾರಂ ತುಂಬುವ ಶಾಸ್ತ್ರಕ್ಕೆಂದು ಇಮಾಮ್ ಸಾಬರ ಭಟ್ಟಿಗೆ ಹೋದೆ. ಒಲೆಯ ಮುಂದೆ ಅವರ ಹೆಂಡತಿ ಫಾತಿಮಾಬಿ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು “ಬರ್ರಿ, ಕೂಡ್ರಿ” ಎಂದು ಮಣೆ ತೋರಿಸಿದರು. ಸೈಕಲ್ಲು ಗಟ್ಟಿಯಾಗಿಯೇ ಇತ್ತು, ಹ್ಯಾಂಡಲ್ ಮಾತ್ರ ತಿರುಚಿತ್ತು. ನಾನು ದೊಡ್ಡಸ್ತಿಕೆಯಿಂದ, “ಎರಡೆರಡು ಚೀಲ ಹೇರಿದ್ರೆ ಬೀಳದೆ ಏನಾಗುತ್ತಮ್ಮ? ಹೊರೆ ಹೆಚ್ಚಾಯ್ತು” ಎಂದೆ.

ಫಾತಿಮಾಬಿ ಎದ್ದು ಹೋಗಿ ಮೂಲೆಯಲ್ಲಿದ್ದ ಆಳೆತ್ತರದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ತಂದು ನನ್ನ ತೊಡೆಯ ಮೇಲಿಟ್ಟರು. ದಿಂಬಿನಷ್ಟು ಹಗುರವಿತ್ತು.

“ಹೊರೆ ಹೆಚ್ಚಾಗಿ ಬಿದ್ದಿಲ್ರಿ, ಹೊರೆ ಇಲ್ದೆ ಬಿದ್ದಾರೆ” ಎಂದರು.

ಆಮೇಲೆ ಹೇಳಿದ್ದು ಆ ಕಸುಬಿನವರಿಗಲ್ಲದೆ ಬೇರೆಯವರಿಗೆ ಗೊತ್ತಿರದ ಸಂಗತಿ. ಆಷಾಢದಲ್ಲಿ ಮಂಡಕ್ಕಿಯವರು ಕ್ಯಾರಿಯರಿನ ಎರಡೂ ಪಕ್ಕಕ್ಕೆ, ಚಕ್ರದ ನಡುವಿನ ಮಟ್ಟಕ್ಕೆ ಇಳಿಬಿದ್ದಂತೆ, ಹುರಿಗಡಲೆಯ ಗಂಟು ಕಟ್ಟುತ್ತಾರೆ. ಮಾರುವುದಕ್ಕೂ ಆಯಿತು, ಸೈಕಲ್ಲು ನೆಲ ಹಿಡಿದು ನಿಲ್ಲುವುದಕ್ಕೂ ಆಯಿತು. ಮಂಡಕ್ಕಿ ಪೂರ್ತಿ ಖಾಲಿಯಾಗುವ ತನಕ ಆ ಗಂಟು ಬಿಚ್ಚಬಾರದು. ಇಬ್ಬರು ಜೊತೆಯಾಗಿ ಹೋಗಬೇಕು, ಹಿಂದಿನವನು ಆಗಾಗ ಇಳಿದು ಹಿಂದೆ ನೋಡಿ ಬಸ್ಸು ಕಂಡರೆ ಕೂಗಬೇಕು, ಮುಂದಿನವನು ಇಳಿದು ನಿಲ್ಲಬೇಕು. ಆ ದಿನ ಇಮಾಮ್ ಸಾಬರ ಜೊತೆಗಾರನಿಗೆ ಜ್ವರ. ಒಬ್ಬರೇ ಹೋದರು. ಹರಿಹರದ ಅಂಗಡಿಯವನೊಬ್ಬ ಹುರಿಗಡಲೆ ಅಷ್ಟೂ ಬೇಕೆಂದ. ಮುಂದೆ ಗಾಳಿಯಲ್ಲೇ ತುಳಿಯಬೇಕು, ಭಾರ ಇಳಿದರೆ ಕಾಲಿಗೆ ಹಗುರ ಎಂದು ಕೊಟ್ಟುಬಿಟ್ಟರು.

“ಇಪ್ಪತ್ತು ವರ್ಷ ತುಳ್ದಾರೆ, ಇದೊಂದು ತಿಳೀಲಿಲ್ಲ ನೋಡ್ರಿ. ಭಟ್ಟ್ಯಾಗಿರೋರೆಲ್ಲ ಬೈಯಾಕ ಹತ್ಯಾರೆ” ಎಂದರು ಫಾತಿಮಾಬಿ. ಮಾತಿನಲ್ಲಿ ಸಿಟ್ಟಿತ್ತು, ಕಣ್ಣಲ್ಲಿ ನೀರಿತ್ತು. “ಬರೀ ಮಂಡಕ್ಕಿ ಇಟ್ಕಂಡು ಆ ಗಾಳ್ಯಾಗ ಹೆಂಗೆ ಹೋಗ್ತಾರೆ? ಗ್ವಾಡಿಗೆ ಒರಗ್ದಂಗ ಗಾಳಿಗೆ ಒರಗಿಕಂಡೇ ತುಳೀಬೇಕು.”

ಗೋಡೆಗೆ ಒರಗಿದಂತೆ! ನಾನು ಮಂಡಕ್ಕಿ ಚೀಲ ತಬ್ಬಿಕೊಂಡು ಹಾಗೆಯೇ ಕುಳಿತುಬಿಟ್ಟೆ. ಹರಿಹರದಿಂದ ನಂದಿಗುಡಿಯ ದಾರಿ ತೆಂಕಣಕ್ಕೆ ಹೋಗುತ್ತದೆ. ಆಷಾಢದ ಗಾಳಿ ಬರುವುದು ಪಡುವಣದಿಂದ, ಅಂದರೆ ಸೈಕಲ್ಲಿನವನ ಬಲಗಡೆಯಿಂದ. ಆತ ಬೀಳದಿರಲು ಬಲಕ್ಕೆ ವಾಲಿಕೊಂಡು ತುಳಿಯುತ್ತಾನೆ. ಬಸ್ಸು ಹಿಂದಿನಿಂದ ಬಂದು ದಾಟುವುದೂ ಬಲಗಡೆಯಿಂದಲೇ. ಬಸ್ಸು ಪಕ್ಕಕ್ಕೆ ಬಂದ ಗಳಿಗೆಯಲ್ಲಿ ಗಾಳಿಗೆ ಅದೇ ಮರೆಯಾಗುತ್ತದೆ. ಒರಗಿದ ಗೋಡೆ ಮಾಯವಾದರೆ ಮನುಷ್ಯ ಗೋಡೆಯಿದ್ದ ಕಡೆಗೇ ಬೀಳುತ್ತಾನೆ. ಹಾರನ್ನಿನ ಸದ್ದನ್ನೂ ಆ ಗಾಳಿಯೇ ಹೊಲಗಳ ಮೇಲೆ ಒಯ್ದಿರಬೇಕು. ಹಾಗಿದ್ದರೆ ಚನ್ನಬಸಪ್ಪ ಹೇಳಿದ್ದೂ ನಿಜ, ಇಮಾಮ್ ಸಾಬ್ ಹೇಳಿದ್ದೂ ನಿಜ. ಸುಳ್ಳು ಹೇಳಿದ್ದು ನನ್ನ ವರದಿ ಒಂದೇ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ನಾರು ಕಂಡಿದ್ದೆ, ಪ್ರಮಾಣಿಸಿರಲಿಲ್ಲ. ಮರುದಿನ ಹರಿಹರದ ಸಬ್‌ಇನ್ಸ್‌ಪೆಕ್ಟರ ಬಳಿ ಹೋಗಿ, ಅದೇ ಜಾಗದಲ್ಲಿ ಅದೇ ಬಸ್ಸು ತರಿಸಿ ಪರೀಕ್ಷೆ ಮಾಡಬೇಕು, ಮಂಡಕ್ಕಿ ಸೈಕಲ್ಲನ್ನು ನಾನೇ ತುಳಿಯುತ್ತೇನೆ ಎಂದೆ. ಅವರು ನಗುವುದೋ ಬೈಯುವುದೋ ತಿಳಿಯದೆ, “ಏನ್ರೀ, ಮೊನ್ನೆ ತಾನೇ ಮದ್ವೆ ಆಗೀರಂತೆ. ನಿಮ್ಮ ಮನ್ಯಾಕಿ ಕುಂಕುಮ ಗಟ್ಟಿ ಐತೇನು?” ಎಂದು ಕೇಳಿದರು. ಕೊನೆಗೆ ಒಪ್ಪಿದರು. ಬೇರೊಬ್ಬ ಡ್ರೈವರನನ್ನು ಕರೆಸುತ್ತೇನೆ ಎಂದರೆ ನಾನೇ ಬೇಡವೆಂದೆ. ನನ್ನ ಪಕ್ಕದಲ್ಲಿ ಬಸ್ಸು ಹಾಯಿಸಲು ಚನ್ನಬಸಪ್ಪನವರಿಗಿಂತ ಎಚ್ಚರದ ಡ್ರೈವರ್ ಆ ದಿನ ಜಿಲ್ಲೆಯಲ್ಲೇ ಇರಲಿಲ್ಲ.

ರಸ್ತೆ ಅಗಲವಿದ್ದ ಕಡೆ ಸುಣ್ಣದಲ್ಲಿ ಎರಡು ಗೆರೆ ಎಳೆಸಿದೆ. ಒಂದು ನನ್ನ ಸೈಕಲ್ಲಿಗೆ, ಇನ್ನೊಂದು ಬಸ್ಸಿನ ಎಡಗಡೆಯ ಗಾಲಿಗೆ. ನಡುವೆ ಒಂಬತ್ತು ಅಡಿ. ಬಸ್ಸು ಗಂಟೆಗೆ ಇಪ್ಪತ್ತು ಮೈಲಿಯ ಮೇಲೆ ಹೋಗಕೂಡದು. ಚನ್ನಬಸಪ್ಪ ಸ್ಟೀರಿಂಗು ಮುಟ್ಟಿ ಹಣೆಗೊತ್ತಿಕೊಂಡು, “ಸಾಹೇಬ್ರ, ನಿಮ್ಗೇನಾರ ಆದ್ರ ನನ್ನ ಕತಿ ಮುಗೀತು. ಬ್ಯಾಡ್ರಿ” ಎಂದರು. ಅವರ ಮೇಲೆ ವರದಿ ಬರೆದವನ ಪ್ರಾಣಕ್ಕೆ ಅವರು ಹೆದರುತ್ತಿದ್ದರು.

ಸೈಕಲ್ಲು ಹತ್ತಿದ ಮೇಲೆ ತಿಳಿಯಿತು ಇಮಾಮ್ ಸಾಬರ ಕಷ್ಟ. ಮೊದಲೆರಡು ಸಲ ಬಸ್ಸಿಲ್ಲದೆಯೇ ಗಾಳಿ ನನ್ನನ್ನು ಎಡಗಡೆಯ ಜೋಳದ ಹೊಲಕ್ಕೆ ಒಯ್ದು ಕೆಡವಿತು. ಕಾನ್‌ಸ್ಟೇಬಲ್ಲುಗಳು ಮುಖ ತಿರುಗಿಸಿಕೊಂಡು ನಕ್ಕರು. ಮೂರನೆಯ ಸಲ ಮೈಯೆಲ್ಲ ಬಲಕ್ಕೆ ವಾಲಿಸಿ ಹೇಗೋ ಗೆರೆ ಹಿಡಿದೆ. ಹಿಂದೆ ಬಸ್ಸು ಹೊರಟಿದೆಯೋ ಇಲ್ಲವೋ ತಿಳಿಯಲಿಲ್ಲ. ಚನ್ನಬಸಪ್ಪ ದಾರಿಯುದ್ದಕ್ಕೂ ಹಾರನ್ ಒತ್ತಿಕೊಂಡೇ ಬಂದರಂತೆ, ನನಗೆ ಕೇಳಿಸಿದ್ದು ಕಿವಿಯಲ್ಲಿ ಭೋರ್ಗರೆಯುವ ಗಾಳಿ ಮಾತ್ರ. ಪಕ್ಕದಲ್ಲಿ ಕೆಂಪು ತಗಡು ಕಾಣಿಸಿತು. ಗಾಳಿ ನಿಂತಿತು. ಇಮಾಮ್ ಸಾಬ್ ಹೇಳಿದಂತೆ ಪೂರಾ ನಿಂತಿತು. ಆ ನಿಶ್ಶಬ್ದದ ಭಯ ಈ ವಯಸ್ಸಿನಲ್ಲೂ ನೆನಪಿದೆ. ಹ್ಯಾಂಡಲ್ ತಿರುಗಿಸುವಷ್ಟರಲ್ಲಿ ಚೀಲ, ಸೈಕಲ್ಲು, ನಾನು ಮೂವರೂ ಬಲಕ್ಕೆ ಉರುಳಿದೆವು.

ಕಣ್ಣು ಬಿಟ್ಟಾಗ ಬಸ್ಸು ಮುಂದೆ ಹೋಗಿ ನಿಂತಿತ್ತು. ಚೀಲ ಒಡೆದು ರಸ್ತೆಯೆಲ್ಲ ಮಂಡಕ್ಕಿ ಹಾರಾಡುತ್ತಿತ್ತು. ಚನ್ನಬಸಪ್ಪ ಚಪ್ಪಲಿ ಬಿಟ್ಟು ಓಡಿ ಬಂದು ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿದರು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಸಬ್‌ಇನ್ಸ್‌ಪೆಕ್ಟರು ಟೇಪು ಹಿಡಿದು ನನ್ನ ಗೆರೆಯಿಂದ ಚೀಲದ ತುದಿ ಬಿದ್ದ ಜಾಗದವರೆಗೆ ಅಳೆದರು. ಐದೂವರೆ ಅಡಿ. ನಾಲ್ಕೈದು ಅಡಿ ಜಾಗ ಬಿಟ್ಟವನ ಹಿಂದಿನ ಮಡ್ಗಾರ್ಡಿಗೆ ನಾರು ಸಿಕ್ಕುವುದಕ್ಕೆ ಅಷ್ಟು ಸಾಕು. “ಈರುಳ್ಳಿ, ಹಸಿಮೆಣಸಿನಕಾಯಿ ಇದ್ದಿದ್ರ ಪರೀಕ್ಷೆ ಇನ್ನೂ ಚೊಲೋ ಆಗ್ತಿತ್ತು” ಎಂದು ಅವರು ಮುಕ್ತವಾಗಿ ನಕ್ಕರು. ನಾವೆಲ್ಲ ನಕ್ಕೆವು, ಚನ್ನಬಸಪ್ಪ ಮಾತ್ರ ಬಸ್ಸಿನ ಗಾಲಿಗೆ ಒರಗಿ ಕೂತು ಅತ್ತರು.

ಕಚೇರಿಯಲ್ಲಿ ನಗು ಇರಲಿಲ್ಲ. ಮೊದಲಿನ ವರದಿ ತಪ್ಪು, ಹಿಂಪಡೆಯುತ್ತೇನೆ ಎಂದಾಗ ಮೇಲಧಿಕಾರಿ ಕನ್ನಡಕ ತೆಗೆದಿಟ್ಟರು. “ಸಹಿ ಹಾಕಿದ ಕಾಗದವನ್ನು ತಪ್ಪು ಅಂತ ಬರೆದುಕೊಟ್ಟರೆ ನಿಮ್ಮ ಸರ್ವಿಸ್ ರಿಜಿಸ್ಟರಿನಲ್ಲಿ ಕೂರುತ್ತೆ. ಪ್ರೊಬೇಷನ್ ಮುಂದಕ್ಕೆ ಹೋಗಬಹುದು. ಯೋಚಿಸಿ.” ಯೋಚಿಸಲು ಹೆದರಿಕೆಯಾಗಿ ಅಲ್ಲೇ ನಿಂತು ಬರೆದುಕೊಟ್ಟೆ. ಅವರು ಹೇಳಿದಂತೆಯೇ ನನ್ನ ಪ್ರೊಬೇಷನ್ ಆರು ತಿಂಗಳು ಬೆಳೆಯಿತು.

ಇಮಾಮ್ ಸಾಬರಿಗೆ ನಡೆದದ್ದನ್ನು ಆಸ್ಪತ್ರೆಗೆ ಹೋಗಿ ನಾನೇ ಹೇಳಿದೆ. ಅವರು ಸಬ್‌ಇನ್ಸ್‌ಪೆಕ್ಟರನ್ನು ಕರೆಸಿ ಎರಡನೇ ಹೇಳಿಕೆ ಕೊಟ್ಟರು. “ಬಸ್ಸು ಬಡ್ದದ್ದು ಖರೆ. ಆದ್ರ ಅದು ನನ್ನ ಕಡೆ ಬರ್ಲಿಲ್ಲ, ನಾನಾ ಅದ್ರ ಕಡೆ ಹೋದೆ. ಆ ಡ್ರೈವರಣ್ಣನ ಮನಿ ಹಾಳು ಮಾಡಬ್ಯಾಡ್ರಿ.” ಪೊಲೀಸರು ಬಿ ರಿಪೋರ್ಟ್, ಎಂದರೆ ಚಾಲಕನ ತಪ್ಪಿಲ್ಲ ಎಂಬ ಅಂತಿಮ ವರದಿ ಸಲ್ಲಿಸಿದರು. ಚನ್ನಬಸಪ್ಪನವರ ಲೈಸೆನ್ಸು ಉಳಿಯಿತು. ಇಮಾಮ್ ಸಾಬ್ ದೀಪಾವಳಿಯ ಹೊತ್ತಿಗೆ ಮತ್ತೆ ಸೈಕಲ್ಲು ಹತ್ತಿದರು.

ಆಮೇಲೆ ಮೂವತ್ತೆರಡು ವರ್ಷ ಈ ಕೆಲಸ ಮಾಡಿದೆ. ಇಬ್ಬರು ಒಂದಕ್ಕೊಂದು ತಾಳೆಯಾಗದ ಮಾತು ಹೇಳಿದರೆ ಅವರಲ್ಲೊಬ್ಬ ಸುಳ್ಳುಗಾರ ಎಂದು ಮತ್ತೆಂದೂ ಅವಸರದಲ್ಲಿ ಬರೆಯಲಿಲ್ಲ. ಇಬ್ಬರ ಮಾತೂ ನಿಜವಾಗಲು ಅಲ್ಲಿ ಏನು ನಡೆದಿರಬೇಕು ಎಂದು ಮೊದಲು ಕೇಳಿಕೊಳ್ಳುತ್ತಿದ್ದೆ. ಎಲ್ಲ ಸಲವೂ ಉತ್ತರ ಸಿಗಲಿಲ್ಲ. ಸಿಕ್ಕಾಗ ಒಂದು ಸಂಸಾರ ಉಳಿಯುತ್ತಿತ್ತು.

ಮರುವರ್ಷದ ಆಷಾಢದಲ್ಲಿ ನಂದಿಗುಡಿಗೆ ಹೋಗಬೇಕಾಗಿ ಬಂದು ಚನ್ನಬಸಪ್ಪನವರ ಬಸ್ಸಿನಲ್ಲೇ ಕೂತಿದ್ದೆ. ಮುಂದೆ ಒಂದು ಮಂಡಕ್ಕಿ ಸೈಕಲ್ಲು ಗಾಳಿಗೆ ವಾಲಿಕೊಂಡು ಹೋಗುತ್ತಿತ್ತು. ಚನ್ನಬಸಪ್ಪ ಹಾರನ್ ಮುಟ್ಟಲಿಲ್ಲ. ಗೇರು ಇಳಿಸಿ, ಆಳು ನಡೆಯುವ ವೇಗದಲ್ಲಿ ಅದರ ಹಿಂದೆಯೇ ಹೋಗುತ್ತ, ಕಂಡಕ್ಟರಿಗೆ ಸನ್ನೆ ಮಾಡಿದರು. ಕಂಡಕ್ಟರ್ ಧುಮುಕಿ ಓಡಿ ಹೋಗಿ ಸೈಕಲ್ಲಿನವನ ಭುಜ ಮುಟ್ಟಿದ. ಅವನು ಇಳಿದು, ಸೈಕಲ್ಲನ್ನು ರಸ್ತೆಯ ಕೆಳಗಿಳಿಸಿ ಚೀಲ ತಬ್ಬಿ ನಿಂತ. ಬಸ್ಸಿನಲ್ಲಿದ್ದವರೊಬ್ಬರು, “ಏನಪ್ಪ, ಒಂದು ಮಂಡಕ್ಕಿ ಸೈಕಲ್ಲಿಗೆ ಇಷ್ಟು ಮರ್ಯಾದೆ? ಯಾರು ಆತ, ನಿನ್ನ ಬೀಗನಾ?” ಎಂದು ಗೊಣಗಿದರು.

ಚನ್ನಬಸಪ್ಪ ಕನ್ನಡಿಯಲ್ಲಿ ಸೈಕಲ್ಲಿನವನು ಮತ್ತೆ ಹತ್ತಿ ತುಳಿಯತೊಡಗಿದ್ದನ್ನು ನೋಡಿಕೊಂಡು ಗೇರು ಬದಲಿಸಿದರು.

“ಯಾರೋ ಗೊತ್ತಿಲ್ರಿ” ಎಂದರು. “ಮನಿ ಮುಟ್ಲಿ.”